ಎರೆ ನುಂಗಿದ ಹಳಿ

ಪ್ರಭಂಜನನಿಗೆ ಆರೇಳು ವರ್ಷವಿದ್ದಾಗ ಒಂದು ಗಟ್ಟಿ ನಂಬಿಕೆ ಇತ್ತು. ಅಣ್ಣಿಗೇರಿ ಸ್ಟೇಶನ್ನಿನಲ್ಲಿ ರೈಲಿನ ಡ್ರೈವರ ಒಂದು ಕ್ಷಣ ತೂಕಡಿಸಿದರೂ ಸಾಕು, ಇಡೀ ಗಾಡಿ ಎಡಕ್ಕೆ ಹೊರಳಿ ಹತ್ತಿ ಗಿರಣಿಯೊಳಗೆ ಹೋಗಿಬಿಡುತ್ತದೆ. ಅಲ್ಲಿ ಹತ್ತಿಯ ಜೊತೆ ಪ್ಯಾಸೆಂಜರುಗಳನ್ನೂ ಹಾಕಿ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು, ಅಂಡಿಗೆ ಮಾಡಿ ಮುಂಬಯಿಗೆ ಕಳಿಸುತ್ತಾರೆ. ಹುಬ್ಬಳ್ಳಿಯಿಂದ ಗದಗಿನ ಅಜ್ಜಿಯ ಮನೆಗೆ ಹೋಗುವಾಗೆಲ್ಲ ಅವನು ಕಿಟಕಿಯಿಂದ ನೋಡುತ್ತಿದ್ದ. ಸ್ಟೇಶನ್ನಿನ ಬಾಜುವಿನಲ್ಲಿ ಎರಡು ಹಳಿ ಮುಖ್ಯ ದಾರಿಯಿಂದ ಸರಿದು, ಹೊಲಗಳ ನಡುವೆ ಬಾಗಿ, ದೂರದಲ್ಲಿ ಒಂದು ದೊಡ್ಡ ತಗಡಿನ ಬಾಗಿಲಿನ ಕೆಳಗೆ ತೂರಿ ಮಾಯವಾಗುತ್ತಿದ್ದವು. ಒಳಗೆ ಹೋದ ಹಳಿ ಹೊರಗೆ ಬಂದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಹೀಗಾಗಿ ಅಣ್ಣಿಗೇರಿ ಬಂತೆಂದರೆ ತಾಯಿ ಸರಸ್ವತೀಬಾಯಿಯ ಸೆರಗು ಹಿಡಿದು, ಕಣ್ಣು ಮುಚ್ಚಿ, ಡ್ರೈವರನಿಗೆ ಎಚ್ಚರ ಕೊಡಪ್ಪಾ ಎಂದು ಮಂತ್ರಾಲಯದ ರಾಯರನ್ನು ಬೇಡಿಕೊಳ್ಳುತ್ತಿದ್ದ.

ಗಾಡಿ ಎಂದೂ ಗಿರಣಿಗೆ ಹೋಗಲಿಲ್ಲ. ಹದಿನೈದು ವರ್ಷ ತಡವಾಗಿ, ೧೯೭೬ರ ಬೇಸಿಗೆಯಲ್ಲಿ, ಪ್ರಭಂಜನ ತಾನಾಗಿಯೇ ಹೋಗಿ ಅದರ ಬಾಯಿಗೆ ಬಿದ್ದ.

ಬಿ.ಎ. ಮುಗಿಸಿ ಹುಬ್ಬಳ್ಳಿಯ ಕಟ್ಟೆಗಳನ್ನು ಕೂತು ಕೂತು ನುಣುಪು ಮಾಡುತ್ತಿದ್ದವನಿಗೆ ತಾಯಿಯ ದೂರದ ಅಣ್ಣ ಬಾಳಕೃಷ್ಣರಾಯರು ಕೆಲಸ ಕೊಟ್ಟಿದ್ದರು. ಅವರದು ಹಳೇ ಕಬ್ಬಿಣದ ವ್ಯಾಪಾರ. ಅಣ್ಣಿಗೇರಿಯ ಆ ಗಿರಣಿ ಮುಚ್ಚಿ ಬಹಳ ದಿನವಾಗಿತ್ತು. ಹತ್ತಿಯನ್ನು ಲಾರಿಗಳು ಒಯ್ಯತೊಡಗಿದ ಮೇಲೆ ಮಾಲಕರ ಮಕ್ಕಳು ಜಗಳಾಡಿ ಬಾಗಿಲಿಗೆ ಬೀಗ ಹಾಕಿದ್ದರು. ಅದರ ಸ್ವಂತದ ಲೈನಿನ ಹಳಿಗಳನ್ನು ರಾಯರು ಲಿಲಾವಿನಲ್ಲಿ ಕೂಗಿ ಕೊಂಡಿದ್ದರು.

"ಕಾಗದದಾಗ ಎಷ್ಟು ಹಳಿ ಅವ, ಅಷ್ಟೂ ನೆಲದಾಗ ತೋರಿಸಬೇಕು ನೀನು," ಎಂದಿದ್ದರು ಮಾಮಾ. "ತೋರಿಸಿದಿ ಅಂದ್ರ ಮಳಿಗಾಲದಿಂದ ಅಂಗಡ್ಯಾಗ ಕುರ್ಚಿ ನಿಂದು. ಮ್ಯಾಲೆ ಫ್ಯಾನ್ ಅದ. ತೋರಸಲಿಲ್ಲೋ, ಮತ್ತ ನಿಮ್ಮವ್ವನ್ನ ನನ್ನ ಮನಿಗೆ ಅಳಕೋತ ಕಳಸಬ್ಯಾಡ."

ಪ್ರಭಂಜನ ಆ ಫ್ಯಾನನ್ನು ನೋಡಿದ್ದ. ಅದು ತಿರುಗುವಾಗ ಕಟಕಟ ಸಪ್ಪಳ ಮಾಡುತ್ತಿತ್ತು. ಆ ಸಪ್ಪಳ ಕೇಳುತ್ತ ಮುಪ್ಪಾಗಲು ಅವನು ಸಂಪೂರ್ಣ ತಯಾರಿದ್ದ.

ಸ್ಟೇಶನ್ನಿನ ಕಡೆಯ ಹಳಿ ಸಿಕ್ಕವು. ಗಿರಣಿಯ ಕಡೆಯ ಹಳಿಯೂ ಜಾಲಿಕಂಟಿಯಲ್ಲಿ ಸಿಕ್ಕವು. ನಡುವೆ, ಮಲಕಪ್ಪ ಎಂಬ ರೈತನ ಹೊಲದ ಅಂಚಿನಲ್ಲಿ ಬಾಗಿ ಹೋಗುವ ತುಂಡು ಮಾತ್ರ ಇರಲೇ ಇಲ್ಲ. ಸ್ಲೀಪರ ಕಟ್ಟಿಗೆಗಳು ಊರಿನ ಒಲೆಗಳಲ್ಲಿ ಉರಿದು ಹೋಗಿದ್ದವು, ಅದು ಎಲ್ಲರಿಗೂ ಗೊತ್ತಿದ್ದ ಮಾತು. ಹಳಿಯನ್ನು ಯಾರೂ ಒಲೆಗೆ ಹಾಕುವುದಿಲ್ಲವಲ್ಲ!

"ಆ ಲೈನು ಬಲ್ಲಾಂವ ಅಂದ್ರ ಭರಮಪ್ಪ ಒಬ್ಬನ," ಎಂದರು ಸ್ಟೇಶನ್ನಿನಲ್ಲಿ. ಹೇಳುವಾಗ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

ಭರಮಪ್ಪ ಗಿರಣಿಯ ಎತ್ತಿನವನು. ಎತ್ತಿನವನು ಎಂದರೆ ಚಕ್ಕಡಿ ಹೊಡೆಯುವವನಲ್ಲ, ವ್ಯಾಗನ್ನು ಹೊಡೆಯುವವನು. ಗಿರಣಿಯ ಹಳಿ ಹಗುರು, ಎಂಜಿನ್ನಿನ ಭಾರ ತಡೆಯುತ್ತಿರಲಿಲ್ಲ. ಎಂಜಿನ್ನು ಸ್ಟೇಶನ್ನಿನ ಗೇಟಿನ ತನಕ ವ್ಯಾಗನ್ನು ತಂದು ಬಿಟ್ಟು ಹೋಗುವುದು. ಅಲ್ಲಿಂದ ಗಿರಣಿಯ ತನಕ ಭರಮಪ್ಪನ ಜೋಡೆತ್ತು ಸರಪಳಿ ಕಟ್ಟಿ ಎಳೆಯುವುದು. ವ್ಯಾಗನ್ನಿನ ಸ್ವಭಾವ ಚಕ್ಕಡಿಯಂಥದಲ್ಲ. ಹೊರಡುವಾಗ ಜಪ್ಪಯ್ಯ ಅಂದರೂ ಅಲುಗುವುದಿಲ್ಲ, ಹೊರಟಿತೆಂದರೆ ನಿಲ್ಲುವುದಿಲ್ಲ. ಹಿಂದಿನಿಂದ ಬಂದು ಎತ್ತಿನ ಹಿಂಗಾಲಿಗೇ ಬಡಿಯುತ್ತದೆ. ಅದಕ್ಕೆ ಭರಮಪ್ಪ ತನ್ನ ಎತ್ತುಗಳಿಗೆ ಒಂದೇ ಒಂದು ವಿದ್ಯೆ ಕಲಿಸಿದ್ದ: ಸರಪಳಿ ಸಡಿಲಾದ ಕ್ಷಣ ಹಳಿ ಬಿಟ್ಟು ಬಾಜೂಕ್ಕೆ ಜಿಗಿಯಬೇಕು. ಎತ್ತು ಜಿಗಿಯುತ್ತಿದ್ದವು, ಭರಮಪ್ಪ ಗಾಲಿಯ ಕೆಳಗೆ ಕಟ್ಟಿಗೆಯ ತುಂಡು ಒಗೆಯುತ್ತಿದ್ದ, ವ್ಯಾಗನ್ನು ಕಿರ್ ಎಂದು ನಿಲ್ಲುತ್ತಿತ್ತು. ಇಪ್ಪತ್ತು ವರ್ಷ ಇದೇ ಕೆಲಸ. ಎಡಗಾಲಿನ ಎರಡು ಬೆರಳು ಮಾತ್ರ ವ್ಯಾಗನ್ನಿನ ಪಾಲಾಗಿದ್ದವು.

ಗಿರಣಿ ಮುಚ್ಚಿದಾಗ ಅವನು ಸ್ಟೇಶನ್ನಿಗೆ ಹೋಗಿ ಕೆಲಸ ಕೇಳಿದ. ನೀ ಗಿರಣಿಯವ ಎಂದರು. ಗಿರಣಿಯ ಮಾಲಕರನ್ನು ಕೇಳಿದರೆ, ನೀ ಗುತ್ತಿಗೆಯವ ಎಂದರು. ಗುತ್ತಿಗೆದಾರ ಸತ್ತಿದ್ದ. ಹೊಲಕ್ಕಾದರೂ ಎತ್ತು ಬಾಡಿಗೆಗೆ ಕೊಡೋಣ ಎಂದು ಹೊರಟರೆ, ಅವಕ್ಕೆ ಬರುತ್ತಿದ್ದದ್ದು ಒಂದೇ ವಿದ್ಯೆ. ಮಲಕಪ್ಪನ ಹೊಲದಲ್ಲಿ ಕೂರಿಗೆ ಹೂಡಿದಾಗ, ಮೆತ್ತನ್ನ ಮಣ್ಣಿನಲ್ಲಿ ಹಗ್ಗ ಸ್ವಲ್ಪ ಸಡಿಲಾಗಿದ್ದೇ ತಡ, ಎರಡೂ ಎತ್ತು ವ್ಯಾಗನ್ನು ಬಂತೆಂದು ಬಾಜೂಕ್ಕೆ ಜಿಗಿದವು. ಬಿತ್ತುವವ ಕೂರಿಗೆಯ ಸಮೇತ ಬಿದ್ದ. ಆ ವರ್ಷ ಮಲಕಪ್ಪನ ಜೋಳ ಹಾವು ಹರಿದಂತೆ ಸೊಟ್ಟ ಸೊಟ್ಟ ಹುಟ್ಟಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ, "ಮಲಕಪ್ಪಾ, ಬಿತ್ತುವಾಗ ಎಷ್ಟು ಕುಡದಿದ್ದಿಲೇ?" ಎಂದು ಕೇಳುತ್ತಿದ್ದರು. ಮಲಕಪ್ಪ ಇದನ್ನು ಭರಮಪ್ಪನಿಗೆ ಎಂದೂ ಕ್ಷಮಿಸಲಿಲ್ಲ.

ಇನ್ನೊಂದು ಅವಮಾನ ಎರಡು ವರ್ಷದ ಹಿಂದಿನದು. ದೇಶದಲ್ಲೆಲ್ಲ ರೈಲ್ವೆ ಮುಷ್ಕರವಾದಾಗ ಅಣ್ಣಿಗೇರಿಯವರೂ ಕೂತರು. ಅವರ ಬಾಜೂಕ್ಕೆ ಭರಮಪ್ಪನೂ ಹೋಗಿ ಕೂತ. ಮುಚ್ಚಿ ಹೋದ ಲೈನಿನ ಮುಷ್ಕರ! ಪೊಲೀಸರು ಬಂದು ಒಬ್ಬೊಬ್ಬರನ್ನೇ ಲಾರಿ ಹತ್ತಿಸುವಾಗ ಇವನೂ ಧೋತರ ಜಾಡಿಸಿಕೊಂಡು ಎದ್ದು ನಿಂತ. ಆಗ ರೈಲ್ವೆಯವರೇ, "ಇಂವ ನಮ್ಮಾಂವ ಅಲ್ರೀ, ಬಿಡ್ರಿ," ಎಂದುಬಿಟ್ಟರು. ಬಿಟ್ಟೂಬಿಟ್ಟರು.

"ನೌಕರಿಗೂ ಬ್ಯಾಡಾದೆ, ಜೈಲಿಗೂ ಬ್ಯಾಡಾದೆ," ಎಂದು ಭರಮಪ್ಪ ಪ್ರಭಂಜನನ ಮುಂದೆ ಉಗುಳಿದ. "ಕೂತಿದ್ದೆ ನೋಡ್ರಿ ರಾಯರ, ಅಗದಿ ಮುಂದಿನ ಸಾಲಿನ್ಯಾಗ ಕೂತಿದ್ದೆ."

ಊರ ಗುಡಿಯಲ್ಲಿ ಟ್ರಂಕು ಇಟ್ಟು, ಇಂಥವನನ್ನು ದಿನಗೂಲಿಗೆ ಹಿಡಿದು ಪ್ರಭಂಜನ ಹಳಿ ಹುಡುಕಲು ಹೊರಟ.

"ಕಾಕಾ, ಆ ತುಂಡು ಎಲ್ಲಿ ಹೋಗಿರಬಹುದು?"

"ಎರಿ ನುಂಗೈತ್ರಿ," ಎಂದ ಭರಮಪ್ಪ ಸ್ವಲ್ಪವೂ ತಡವರಿಸದೆ. "ಎರಿಮಣ್ಣು ಅಂದ್ರ ಏನಂತ ತಿಳದೀರಿ? ಮಳಿಗಾಲದಾಗ ಬಾಯಿ ತಗೀತೈತಿ. ಚಕ್ಕಡಿ ಗಾಲಿ ನುಂಗೈತಿ, ಎಮ್ಮಿ ಕರಾ ನುಂಗೈತಿ. ಹಳಿ ಯಾವ ಲೆಕ್ಕ?"

ಕಾಲೇಜಿನಲ್ಲಿ ಓದಿದವನಿಗೆ ಇದು ಪಟ್ಟನೆ ಒಪ್ಪಿಗೆಯಾಯಿತು. ಭಾರದ ವಸ್ತು, ಮೆತ್ತನ್ನ ಮಣ್ಣು, ಹತ್ತು ಹನ್ನೆರಡು ಮಳೆಗಾಲ. ಅವನು ಒಂದು ಉದ್ದನ್ನ ಕಬ್ಬಿಣದ ಸಲಾಕೆ ತಂದು ನೆಲಕ್ಕೆ ಚುಚ್ಚುತ್ತ ನಡೆದ. ಭರಮಪ್ಪ ಮುಂದೆ, ಅವನು ಹಿಂದೆ. "ಇಲ್ಲಿ ಚುಚ್ರಿ." ಚುಚ್ಚಿದ. ಮಣ್ಣು. "ಸ್ವಲ್ಪ ಈ ಕಡೆ." ಮಣ್ಣು. ಠಣ್ ಎಂದು ಸಪ್ಪಳ ಬಂದಲ್ಲಿ ಬೆವರು ಸುರಿಸಿ ಅಗೆದರೆ ಕುದುರೆಯ ಲಾಳ. ಇನ್ನೊಂದು ಠಣ್ಣಿಗೆ ಗುಂಡುಕಲ್ಲು. ಬಿಸಿಲು ನೆತ್ತಿಯೊಳಗೆ ಇಳಿದು ಕೂತಿತು. ಬೇಸಿಗೆಯ ಎರೆಹೊಲವೆಲ್ಲ ಬಿರಿದು, ಕಾಲು ಹೋಗುವಷ್ಟು ಅಗಲದ ಬಿರುಕು. ಸಿಟ್ಟಿನಿಂದ ಒಮ್ಮೆ ಜೋರಾಗಿ ಚುಚ್ಚಿದ್ದೇ ಸಲಾಕೆ ಕೈ ಜಾರಿ, ಸರ್ರನೆ ಬಿರುಕಿನೊಳಗೆ ಇಳಿದು ಹೋಯಿತು. ತಳ ಮುಟ್ಟಿದ ಸಪ್ಪಳ ಕೂಡ ಕೇಳಲಿಲ್ಲ.

ಬದುವಿನ ಮೇಲೆ ನಿಂತಿದ್ದ ಮಲಕಪ್ಪ ಹೊಟ್ಟೆ ಹಿಡಿದುಕೊಂಡ. "ಏ ರಾಯರ! ಹಳಿ ಹುಡಕಾಕ ಬಂದು ಸಲಾಕಿ ಬಿತ್ತಿದ್ರೆಲ್ಲಾ! ಮಳಿ ಬಂದ್ರ ನಾಟೀತು ಬಿಡ್ರಿ!"

"ನಾ ಹೇಳಿದ್ದಿಲ್ಲೇನ್ರಿ, ನುಂಗತೈತಿ ಅಂತ?" ಎಂದ ಭರಮಪ್ಪ, ತನ್ನ ಮಾತು ನಿಜವಾದ ಸಂತೋಷದಲ್ಲಿ.

ಮಧ್ಯಾಹ್ನ ಭರಮಪ್ಪ ಅವನನ್ನು ತನ್ನ ಮನೆಗೆ ಕರೆದೊಯ್ದ. ಹೊಲದ ಅಂಚಿಗೇ ಮನೆ. ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ; ಅಗಲ ಕಡಿಮೆ, ಉದ್ದ ಬಹಳ. ಹೊಕ್ಕ ಕೂಡಲೆ ದನದ ಜಾಗ, ಮುಂದೆ ಪಡಸಾಲೆ, ಅದರಾಚೆ ಅಡಿಗೆಯ ಮೂಲೆ. ಒಳಗೆ ಕಾಲಿಟ್ಟರೆ ಗಡಿಗೆಯೊಳಗಿನ ತಂಪು. ಭರಮಪ್ಪನ ಹೆಂಡತಿ ಹನಮವ್ವ ತಾಟಿನಲ್ಲಿ ರೊಟ್ಟಿ ತಂದಿಟ್ಟಳು.

"ಬ್ಯಾಡವ್ವಾ, ಮನಿಯಿಂದ ಅವಲಕ್ಕಿ ಕಟಗೊಂಡು ಬಂದೀನಿ," ಎಂದ ಪ್ರಭಂಜನ. ಸರಸ್ವತೀಬಾಯಿ ಸ್ಟೇಶನ್ನಿಗೆ ಬಂದು ಕಿವಿಯಲ್ಲಿ ಹೇಳಿದ ಒಂದೇ ಮಾತು, ಕಂಡಕಂಡಲ್ಲಿ ಉಣ್ಣಬೇಡ ಎಂಬುದು.

"ತಿಳೀತ್ರಿ, ಮಡಿ," ಎಂದ ಭರಮಪ್ಪ. ರೊಟ್ಟಿ ಮುರಿದು ತನ್ನ ಪಾಡಿಗೆ ತಾನು ಉಂಡ.

"ಏ, ಸಣ್ಣ ಹುಡುಗ, ಮಾರಿ ನೋಡು ಹೆಂಗ ಬಾಡೈತಿ," ಎಂದಳು ಹನಮವ್ವ. "ಒಂದು ತುತ್ತು ಉಂಡ್ರ ಏನ್ ದೇವರು ಓಡಿ ಹೋಕ್ಕಾನೇನ್ರಿ?"

"ಹೋಗ್ಲಿ ಬಿಡ, ನಾಳೆ ಉಂಡಾರು," ಎಂದ ಭರಮಪ್ಪ.

ಮರುದಿನ ಸಲಾಕೆಯ ಬದಲು ಗುದ್ದಲಿ. ಭರಮಪ್ಪ ಲೈನಿನ ಬಾಗು ಇಲ್ಲಿತ್ತು ಎಂದು ತೋರಿಸಿದ್ದಲ್ಲಿ ಅಗೆದ. ಅಲ್ಲ, ಅಲ್ಲಿತ್ತು ಎಂದಲ್ಲಿ ಅಗೆದ. ನಿನ್ನೆ ಬನ್ನಿಗಿಡದ ಎಡಕ್ಕಿದ್ದ ಲೈನು ಇವತ್ತು ಬಲಕ್ಕೆ ಬಂದಿತ್ತು.

"ಕಾಕಾ, ನಿನ್ನೆ ಆ ಕಡೆ ಅಂದಿದ್ದಿ."

"ನಿನ್ನೆ ಬಿಸಿಲಾಗ ತಲಿ ತಿರುಗಿತ್ರಿ. ಎತ್ತು ಇದ್ದಿದ್ರ ಕಣ್ಣು ಮುಚಗೊಂಡು ಹೋಕ್ಕಿದ್ವು. ಒಂದು ಸತ್ತೈತಿ, ಇನ್ನೊಂದಕ್ಕ ಕಣ್ಣು ಕಾಣೂದಿಲ್ಲ."

ಪ್ರಭಂಜನನಿಗೆ ಅಳು ಬರುವಷ್ಟು ಸಿಟ್ಟು. ಸಿಟ್ಟು ಯಾರ ಮೇಲೆ ಎಂದು ಮಾತ್ರ ಗೊತ್ತಾಗಲೊಲ್ಲದು. ಮಾಮಾನ ಮೇಲೆ ಮಾಡಿಕೊಳ್ಳುವಂತಿಲ್ಲ, ಕುರ್ಚಿ ಅವನದು. ಭರಮಪ್ಪನ ಮೇಲೆ ಮಾಡಿಕೊಂಡರೆ ದಾರಿ ತೋರಿಸುವವರಿಲ್ಲ. ಕಡೆಗೆ ಬಿ.ಎ. ಡಿಗ್ರಿಯ ಮೇಲೆ ಮಾಡಿಕೊಂಡ. ಅದು ತಿರುಗಿ ಮಾತಾಡುವುದಿಲ್ಲ. ಅಂಗೈಯಲ್ಲಿ ಗುಳ್ಳೆ ಎದ್ದು ಒಡೆದವು. ಮಧ್ಯಾಹ್ನ ಹಸಿವಿನಿಂದ ಓಡಿ ಹೋಗಿ ಬನ್ನಿಗಿಡದ ಬುಡದಲ್ಲಿಟ್ಟಿದ್ದ ಗಂಟು ಬಿಚ್ಚಿದರೆ ಅವಲಕ್ಕಿ ಕೆಂಪಗೆ ಹರಿದಾಡುತ್ತಿತ್ತು. ಕೆಂಜಿಗ ಇರುವೆ. ಅಲ್ಲಿಯೇ ಇಡ್ರಿ, ತಂಪಿರ್ತೈತಿ ಎಂದು ಜಾಗ ತೋರಿಸಿದವನು ಭರಮಪ್ಪನೇ.

"ಅಯ್ಯಯ್ಯ," ಎಂದ ಭರಮಪ್ಪ. "ನಡೀರಿ ಹೋಗೂಣು, ಮನೀಗೆ."

ಅವತ್ತು ಪ್ರಭಂಜನ ಎರಡು ಜೋಳದ ರೊಟ್ಟಿ, ಪುಂಡಿಪಲ್ಲೆ, ಮೇಲೊಂದು ಮುಷ್ಟಿ ಶೇಂಗಾದ ಹಿಂಡಿ ಉಂಡ. ಮೊದಲನೇ ರೊಟ್ಟಿಗೆ ತಾಯಿಯ ನೆನಪಾಯಿತು, ಎರಡನೆಯದಕ್ಕೆ ಆಗಲಿಲ್ಲ. ಹನಮವ್ವ ಮತ್ತೊಂದು ಹಾಕಿದಳು. "ಉಣ್ಣೋ ತಮ್ಮಾ. ಹೊಟ್ಟಿಗೆ ಯಾವ ಮಡಿ?" ಎಂದಳು. ರಾಯರು ಎಂಬ ಮರ್ಯಾದೆ ಆ ತಾಟಿನಲ್ಲೇ ಕರಗಿ ಹೋಗಿತ್ತು. ಅಂದಿನಿಂದ ಗಂಡ ಹೆಂಡತಿ ಇಬ್ಬರಿಗೂ ಅವನು ತಮ್ಮನಾದ.

ಮೂರನೆಯ ದಿನ ಭರಮಪ್ಪ ಗುದ್ದಲಿಯನ್ನೇ ಎತ್ತಲಿಲ್ಲ. "ಇವತ್ತು ಬಿಸಿಲು ಭಾಳ ಐತಿ. ಉಂಡು ಹೋಗೂಣು," ಎಂದು ಬೆಳಿಗ್ಗೆಯೇ ಮನೆಗೆ ಕರೆದ. ಹನಮವ್ವ ತಾಟು ಹಾಕಿ, "ಬೆಣ್ಣಿ ನೆಲುವಿನ್ಯಾಗೈತಿ. ನೀ ಎತ್ತರ ಅದಿ, ಅದನ್ನೊಂದು ಇಳಸೋ ತಮ್ಮಾ," ಎಂದಳು. ನೆಲುವು ಮಾಳಿಗೆಯ ತೊಲೆಗೆ ತೂಗುತ್ತಿತ್ತು. ಪ್ರಭಂಜನ ಕೈ ಚಾಚಿ, ಆಸರೆಗೆಂದು ತೊಲೆಯನ್ನು ಹಿಡಿದ.

ತೊಲೆ ತಣ್ಣಗಿತ್ತು. ಕಟ್ಟಿಗೆಯ ತಂಪಲ್ಲ ಅದು. ಬೆರಳು ಸರಿಸಿ ನೋಡಿದ: ಕೆಳಗೆ ಅಗಲ, ನಡು ಸಣ್ಣ, ಮೇಲೆ ಗುಂಡನೆಯ ತಲೆ. ನೆಲುವಿನ ಹಗ್ಗ ಹಾಯ್ದಿದ್ದ ತೂತು ಬಡಿಗ ಕೊರೆದದ್ದಲ್ಲ. ಹಳಿಗೆ ಹಳಿ ಜೋಡಿಸುವ ಬೋಲ್ಟಿನ ತೂತು. ಅವನು ಉಗುರಿನಿಂದ ಸುಣ್ಣ ಕೆರೆದ. ಕೆಳಗೆ ತುಕ್ಕು. ಆ ಬಾಜೂ ನೋಡಿದ, ಇನ್ನೊಂದು. ದನದ ಜಾಗದಿಂದ ಅಡಿಗೆಯ ಮೂಲೆಯ ತನಕ, ಒಂದೂ ತುಂಡು ಮಾಡದೆ, ಹಳಿಯ ಉದ್ದಕ್ಕೆ ಸರಿಯಾಗಿ ಗೋಡೆ ಕಟ್ಟಿ ಮನೆಯನ್ನೇ ಹಳಿಗೆ ಹೊಂದಿಸಿದ್ದರು. ಬಿಸಿಲಿನಲ್ಲಿ ನೆಲ ಚುಚ್ಚಿ ಬಂದು ಎರಡು ದಿನ ಮಧ್ಯಾಹ್ನ ಈ ಪಡಸಾಲೆಯಲ್ಲಿ ಅಂಗಾತ ಮಲಗಿ ಅವನು ನೋಡಿದ್ದು ಬಾಳಕೃಷ್ಣರಾಯರ ಮಾಲನ್ನೇ.

ಬೆಣ್ಣೆಯ ಗಡಿಗೆ ಕೈಯಲ್ಲಿ ಹಿಡಿದುಕೊಂಡೇ ಅವನು ನಿಂತ. ಹನಮವ್ವ ಗಂಡನ ಮುಖ ನೋಡಿದಳು. ಭರಮಪ್ಪ ರೊಟ್ಟಿ ಮುರಿಯುತ್ತಿದ್ದ.

"ಕಾಕಾ, ಇವು..."

"ಹೂಂ."

"ನೀನ ಕಿತ್ತಿಯೇನು?"

"ನಾನು, ಎತ್ತು. ಮೂರೂ ಮಂದಿ ಕೂಡಿ." ಭರಮಪ್ಪ ತುತ್ತು ನುಂಗಿದ. "ಮನಿಗಂತ ಕೀಳಲಿಲ್ಲೋ. ಹೊಲದಾಗ ಹೂಡಿದ್ರ ಎತ್ತು ಹಳಿ ಕಂಡಲ್ಲಿ ಹೊಳ್ಳಿ ಗಿರಣಿ ದಾರಿ ಹಿಡೀತಿದ್ವು. ಹಳಿ ಕಣ್ಣಿಗೆ ಬೀಳದಿದ್ರ ಮರತಾವು ಅಂತ ಕಿತ್ತೆ. ಕಿತ್ತ ಮ್ಯಾಲೂ ಅಲ್ಲೇ ಹೊಳ್ಳಿದ್ವು, ಹಾಳಾದುವು. ಕಿತ್ತದ್ದು ಬಿದ್ದಿತ್ತು, ಹಳೇ ಮಾಳಗಿ ಸೋರತಿತ್ತು, ಹೊಸ ಮನೀನ ಕಟ್ಟಿದೆ. ಗಿರಣಿಯವರು ಇಪ್ಪತ್ತು ವರ್ಷದಾಗ ನನಗ ಮತ್ತೇನು ಕೊಟ್ರು?"

"ಮಾಮಾ ನಾಳೆ ಬರ್ತಾನ," ಎಂದ ಪ್ರಭಂಜನ. ಹಳಿ ಸಿಕ್ಕಿದ್ದವು. ಕುರ್ಚಿ ಸಿಕ್ಕಂತೆಯೇ. ಒಂದು ಮಾತು ಹೇಳಿದರೆ ಕೂಲಿಯವರು ಬಂದು ತೊಲೆ ಎಳೆಯುತ್ತಾರೆ, ಮಾಳಿಗೆಯ ಮಣ್ಣೆಲ್ಲ ಈ ತಾಟಿನ ಮೇಲೆ ಬೀಳುತ್ತದೆ, ಪೊಲೀಸರು ಈ ಸಲ ಭರಮಪ್ಪನನ್ನು ಬಿಟ್ಟು ಹೋಗುವುದಿಲ್ಲ.

"ಬರಲಿ. ನೀ ಮೊದಲ ಕೂಡು, ರೊಟ್ಟಿ ಆರತೈತಿ."

ಅವನು ಕೂತ. ಬೆಣ್ಣೆ ಹಚ್ಚಿ ಉಂಡ. ಸಿಟ್ಟು, ಹಸಿವು ಎರಡೂ ಒಟ್ಟಿಗೆ ಇದ್ದಾಗ ಹಸಿವೇ ಗೆಲ್ಲುತ್ತದೆ ಎಂಬುದು ಅವನಿಗೆ ತನ್ನ ಬಗ್ಗೆ ಗೊತ್ತಾದ ಹೊಸ ಸಂಗತಿ.

ಮರುದಿನ ಬಾಳಕೃಷ್ಣರಾಯರು ಬಂದರು. ಹೊಲದ ತುಂಬ ತೆಗ್ಗು ನೋಡಿದರು, ಹಳಿ ನೋಡಲಿಲ್ಲ. ಬಿಸಿಲಿಗೆ ಮುಖ ಟೊಮೆಟೊ ಹಣ್ಣಿನಂತಾಗಿ, ಇದ್ದೊಂದು ನೆರಳಿಗೆ ಬಂದರು. ಭರಮಪ್ಪನ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತು ಟೊಪ್ಪಿಗೆ ತೆಗೆದು ಗಾಳಿ ಬೀಸಿಕೊಂಡರು. ಮೇಲೆ ನೋಡಿದರು. ಪ್ರಭಂಜನ ಕೆಳಗೆ ನೋಡಿದ.

"ತಂಪದ ನೋಡು ಮನಿ," ಎಂದರು ರಾಯರು. "ಹಳೇ ಕಾಲದ ತೊಲಿ. ಈಗೆಲ್ಲಿ ಸಿಗತಾವ ಇಂಥವು?"

"ಸಿಗೂದಿಲ್ರಿ," ಎಂದ ಭರಮಪ್ಪ.

"ಹೂಂ, ಏನೋ ಪ್ರಭಂಜನ, ಎಲ್ಲಿ ಅವ ನನ್ನ ಹಳಿ? ಇಷ್ಟು ದಿವಸ ಇಲ್ಲೆ ಏನು ಕತ್ತಿ ಕಾದಿ?"

ಪ್ರಭಂಜನ ಬಾಯಿ ತೆಗೆದ. ಎದುರಿಗೆ ಹನಮವ್ವ ಚಹಾದ ಬಟ್ಟಲು ಹಿಡಿದು ನಿಂತಿದ್ದಳು. ಅವಳು ಅವನ ಕಡೆ ನೋಡಲೂ ಇಲ್ಲ. ಚಹಾಕ್ಕೆ ಸಕ್ಕರೆ ಸಾಕೋ ಬೇಕೋ ಎಂದು ರಾಯರನ್ನು ಕೇಳುತ್ತಿದ್ದಳು. ಹೊಟ್ಟೆಯೊಳಗಿನ ಎರಡು ದಿನದ ರೊಟ್ಟಿ ಮೇಲೆದ್ದು ಬಂದು ನಾಲಗೆಯ ಮೇಲೆ ಕೂತಂತಾಯಿತು.

"ಎರಿ ನುಂಗೇದರೀ ಮಾಮಾ," ಎಂದ.

"ಏನು?"

"ಎರಿಮಣ್ಣು. ಮಳಿಗಾಲದಾಗ ಬಾಯಿ ತಗೀತದ. ಚಕ್ಕಡಿ ಗಾಲಿ ನುಂಗೇದ..."

ರಾಯರು ಚಹಾದ ಬಟ್ಟಲು ತೆಗೆದುಕೊಂಡರು. "ನಿನ್ನ ಬಿ.ಎ. ನುಂಗೇದ ಅದು," ಎಂದರು. "ಹಳಿ ನುಂಗತದಂತ ಮಣ್ಣು! ಕದ್ದು ಮಾರಿದಿ ಅನ್ನೂಣಂದ್ರ ಅಷ್ಟು ಬುದ್ಧಿನೂ ಇಲ್ಲ ನಿನಗ. ಅಂಗಡೀ ಕಡೆ ಬರಬ್ಯಾಡ. ನಿಮ್ಮವ್ವಗ ನಾನ ಹೇಳ್ತೀನಿ." ಚಹಾ ಪೂರ್ತಿ ಕುಡಿದು, ಟೊಪ್ಪಿಗೆ ಹಾಕಿಕೊಂಡು, ಸಂಜೆಯ ಗಾಡಿಗೂ ಕಾಯದೆ ಬಸ್ಸು ಹಿಡಿದು ಹೋದರು.

ಕೆಲಸ ಹೋಯಿತು ಎಂಬುದು ಪ್ರಭಂಜನನಿಗೆ ಸ್ಟೇಶನ್ನಿನ ಬೆಂಚಿನ ಮೇಲೆ ಕೂತಾಗಲೇ ಪೂರ್ತಿ ತಿಳಿದದ್ದು. ತಾಯಿಗೆ ಏನು ಹೇಳುವುದು ಎಂದು ಒಂದು ಸುಳ್ಳು ಜೋಡಿಸಿದ, ಅದು ನಿಲ್ಲಲಿಲ್ಲ; ಇನ್ನೊಂದು ಜೋಡಿಸಿದ, ಅದೂ ನಿಲ್ಲಲಿಲ್ಲ. ಟ್ರಂಕು ಹೊತ್ತು ತಂದ ಭರಮಪ್ಪ ಬಾಜೂಕ್ಕೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬೀಡಿ ಹಚ್ಚಿದ್ದ. ಉಪಕಾರವಾಯಿತು ಎಂಬ ಒಂದು ಮಾತು ಅವನ ಬಾಯಿಂದ ಬಂದಿರಲಿಲ್ಲ. ಬರುವ ಲಕ್ಷಣವೂ ಇರಲಿಲ್ಲ. ಗಾಡಿಗೆ ಗಂಟೆ ಹೊಡೆದರು.

ಪ್ರಭಂಜನನಿಗೆ ತಡೆಯಲಿಕ್ಕಾಗಲಿಲ್ಲ. "ಕಾಕಾ, ಒಂದು ಕೇಳ್ತೀನಿ, ಸಿಟ್ಟಿಗೇಳಬ್ಯಾಡ. ಹಳಿ ನಿನ್ನ ಮನಿ ಮ್ಯಾಲೆ ಇದ್ವು. ಮೊದಲನೇ ದಿನಾನ ಹೇಳಿದ್ರ ಮುಗೀತಿತ್ತು. ಆ ಬಿಸಿಲಾಗ ಯಾಕ ನನ್ನ ನಾಯಿ ತಿರುಗಿಸಿದಂಗ ತಿರುಗಿಸಿದಿ?"

ಭರಮಪ್ಪ ಬೀಡಿಯ ಬೂದಿ ಕೊಡವಿದ.

"ಮೊದಲನೇ ದಿನಾ ಹೇಳಿದ್ರ ನೀ ಹೋಗಿ ನಿಮ್ಮ ಮಾಮಾಗ ಹೇಳ್ತಿದ್ದಿ. ಉಂಡ ಮನೀದು ಹೇಳಂಗಿಲ್ಲಂತ ಗೊತ್ತಿತ್ತು. ನೀ ಉಣ್ಣಾಕ ತಡಾ ಮಾಡಿದಿ, ಅದಕ್ಕ ತಿರುಗಿಸಿದೆ."